ತವರಿನ ಹೆಸರು ಬಿಡದ ಅಡಕತ್ತರಿ

ಪುಣೆಗೆ ಬಂದು ಎಂಟು ವರ್ಷವಾಯಿತು. ಹಿಂಜವಡಿಯಲ್ಲಿ ಕೆಲಸ. ಮೊಬೈಲ್ ಆ್ಯಪ್‌ನಲ್ಲಿ ಯಾವ ಬಟನ್ ಎಲ್ಲಿದ್ದರೆ ಬೆರಳಿಗೆ ಸುಲಭ ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವುದೇ ನನ್ನ ಉದ್ಯೋಗ. ಆದರೆ ಎಂ.ಟೆಕ್.ನಲ್ಲೂ ಕಲಿಯದ ಒಂದು ಪಾಠ ಸಿಕ್ಕಿದ್ದು, ಊರಿನಿಂದ ಬಂದಿದ್ದ ಅಮ್ಮನನ್ನು ಒಂದು ಭಾನುವಾರ ಶುಕ್ರವಾರ ಪೇಠೆಗೆ ಕರೆದುಕೊಂಡು ಹೋದಾಗ.

ಅಲ್ಲಿ ಬಾಜೀರಾವ್ ರಸ್ತೆಯ ಪಕ್ಕದ ನಾತೂಬಾಗ್‌ನಲ್ಲಿ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವಿದೆ. ಪುಣೆಯ ಎಷ್ಟೋ ಕನ್ನಡಿಗರು ನೋಡಿರಬಹುದು. ಇಲ್ಲಿ ಮನಸ್ಸು ಸೆಳೆಯುವುದು ರಾಜರ ಕಿರೀಟಗಳಲ್ಲ. ದೀಪ, ಬೀಗ, ಬಾಚಣಿಗೆ, ಮಸಿಕುಡಿಕೆ, ಶಾವಿಗೆ ಒತ್ತುವ ಮಣೆ, ಸ್ನಾನದಲ್ಲಿ ಹಿಮ್ಮಡಿ ಉಜ್ಜುವ ಹಿತ್ತಾಳೆಯ ವಜ್ರಿ. ಒಂದು ಗಾಜಿನ ಕಪಾಟಿನ ಮುಂದೆ ಅಮ್ಮ ನಿಂತುಬಿಟ್ಟರು. "ಇದು ನಮ್ಮನೆ ಅಡಕತ್ತರಿ ಅಲ್ಲವೇನೇ?"

ಹೌದು, ಅಡಕತ್ತರಿಯೇ. ಮರಾಠಿಯಲ್ಲಿ ಇದಕ್ಕೆ 'ಅಡಕಿತ್ತಾ' ಎನ್ನುತ್ತಾರೆ. ಆಗ ನನಗೆ ಹೊಳೆಯಿತು: ಮರಾಠಿಯಲ್ಲಿ ಅಡಕೆಗೆ ಹೇಳುವುದು 'ಸುಪಾರಿ'. ಹಾಗಾದರೆ ಕತ್ತರಿಸುವ ಸಾಧನದ ಹೆಸರಿನಲ್ಲಿ 'ಅಡಕೆ' ಎಲ್ಲಿಂದ ಬಂತು? ಅಕ್ಕ, ಅಣ್ಣ ಎಂಬ ಮಾತುಗಳ ಹಾಗೆ ಇದನ್ನೂ ಕನ್ನಡದಿಂದ ಮರಾಠಿಗೆ ಹೋದ ಪದವೆಂದು ಎಣಿಸುತ್ತಾರೆ. ಕಾಯಿಗೆ ಬೇರೆ ಹೆಸರಾದರೂ ಅದನ್ನು ಕತ್ತರಿಸುವ ಸಾಧನ ಮಾತ್ರ ತವರಿನ ಹೆಸರನ್ನು ಬಿಟ್ಟುಕೊಡಲಿಲ್ಲ.

ಇನ್ನು ಅದರ ರಚನೆ ನೋಡಿ. ಸಾಮಾನ್ಯ ಕತ್ತರಿಯಲ್ಲಿ ಕೀಲು ಮಧ್ಯದಲ್ಲಿರುತ್ತದೆ, ಒಂದು ಕಡೆ ಕೈ, ಇನ್ನೊಂದು ಕಡೆ ಅಲಗು. ಅಡಕತ್ತರಿಯಲ್ಲಿ ಕೀಲು ಒಂದು ತುದಿಗೆ, ಅದರ ಹತ್ತಿರವೇ ಅಡಕೆ, ಕೈ ಹಿಡಿಯುವುದು ಇನ್ನೊಂದು ತುದಿಯಲ್ಲಿ. ಕೀಲಿನಿಂದ ಅಡಕೆ ಇರುವ ದೂರಕ್ಕಿಂತ ನಾಲ್ಕು ಪಟ್ಟು ದೂರದಲ್ಲಿ ಒತ್ತಿದರೆ, ಅಡಕೆಯ ಮೇಲೆ ಬೀಳುವ ಬಲವೂ ಸುಮಾರು ನಾಲ್ಕು ಪಟ್ಟಾಗುತ್ತದೆ. ಚಾಕು ಇಟ್ಟರೆ ಜಾರಿಹೋಗುವ ಒಣ ಅಡಕೆ, ಎಪ್ಪತ್ತು ದಾಟಿದ ನನ್ನಜ್ಜಿಯ ಕೈಯಲ್ಲಿ ಮಾತಿನ ನಡುವೆಯೇ ಸಲೀಸಾಗಿ ಹೋಳಾಗುತ್ತಿತ್ತು. ಹಲ್ಲಿದ್ದವರಿಗೆ ದಪ್ಪ ಹೋಳು, ಇಲ್ಲದವರಿಗೆ ತೆಳ್ಳನೆಯ ಚೂರು. ಯಾರಿಗೆ ಏನು ಬೇಕೆಂದು ಕೇಳುವ ಅಗತ್ಯವೇ ಇರಲಿಲ್ಲ. ನಾವು ಆಫೀಸಿನಲ್ಲಿ ಇದಕ್ಕೆ 'ಯೂಸರ್ ರಿಸರ್ಚ್' ಎನ್ನುತ್ತೇವೆ!

1958ರಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇಲೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಒಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಲು ಅದೇ ಪ್ರೇರಣೆ. ನಮ್ಮ ದೇಶವನ್ನೆಲ್ಲ ಸುತ್ತಿದ ಅವರು ಎಲ್ಲಕ್ಕಿಂತ ಮೆಚ್ಚಿ ಬರೆದದ್ದು 'ಲೋಟಾ' ಬಗ್ಗೆ, ಅಂದರೆ ನಮ್ಮ ತಂಬಿಗೆಯ ಬಗ್ಗೆ. ಅದನ್ನು ಯಾರೋ ಒಬ್ಬರು ಕುಳಿತು ವಿನ್ಯಾಸ ಮಾಡಿರಲು ಸಾಧ್ಯವಿಲ್ಲ, ತಲೆಮಾರುಗಳ ಕೈಗಳು ಸೇರಿ ತಿದ್ದಿದ ರೂಪವದು ಎಂಬುದು ಅವರ ಅಭಿಪ್ರಾಯ. ನೀರು ಹೊತ್ತು, ಬಗ್ಗಿಸಿ, ತೊಳೆದು, ಇದು ಸರಿ, ಇದು ಸರಿಯಿಲ್ಲ ಎಂದು ತೀರ್ಮಾನಿಸಿದ ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರದ್ದೇ ಅಲ್ಲವೇ?

ಈ ಸಂಗ್ರಹಾಲಯದ ಹುಟ್ಟಿನ ಹಿಂದೆಯೂ ಒಂದು ನೋವಿದೆ. 1896ರಲ್ಲಿ ಹುಟ್ಟಿ 1990ರವರೆಗೆ ಬಾಳಿದ ದಿನಕರ ಕೇಳ್ಕರ್ 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದವರು. ಸುಮಾರು 1920ರಿಂದ ಊರೂರು ಅಲೆದು ಹಳೆಯ ಸಾಮಾನು ಕೂಡಿಹಾಕಿದರು. ಪತ್ನಿ ಕಮಲಾಬಾಯಿ ಜೊತೆಯಾದರು. ಅವರ ಮಗ ರಾಜಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಸಂಗ್ರಹಾಲಯಕ್ಕೆ ಇಟ್ಟದ್ದು ಅವನ ಹೆಸರನ್ನೇ. ಇಂದು ಅಲ್ಲಿ 20 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಕೊನೆಗೆ ಅವನ್ನೆಲ್ಲ ಅವರು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು.

ಹೊರಗೆ ಬಂದ ಮೇಲೆ ಅಮ್ಮನನ್ನು ಕೇಳಿದೆ, "ಅಜ್ಜಿಯ ಅಡಕತ್ತರಿ ಈಗ ಎಲ್ಲಿದೆ?"

ಅಮ್ಮ ನನ್ನ ಮುಖ ನೋಡಿದರು. "ಸಾಗರದ ಮನೆ ಖಾಲಿ ಮಾಡುವಾಗ ಗುಜರಿಯವನ ಚೀಲಕ್ಕೆ ಹಾಕಿದವಳು ನೀನೇ. ತುಕ್ಕು ಹಿಡಿದಿದೆ, ಯಾರಿಗೆ ಬೇಕು ಅಂದೆ."

ನನಗೆ ನೆನಪೇ ಇರಲಿಲ್ಲ. ದಿನಾ ವಿನ್ಯಾಸದ ಮಾತಾಡುವ ನಾನು, ಮನೆಯಲ್ಲಿದ್ದ ಅಷ್ಟು ಒಳ್ಳೆಯ ವಿನ್ಯಾಸವನ್ನು ಕೆ.ಜಿ. ಲೆಕ್ಕದಲ್ಲಿ ತೂಗಿಸಿ ಕೊಟ್ಟಿದ್ದೆ. ಉತ್ತರ ಹೇಳಲಾಗಲಿಲ್ಲ. ಆಟೋದಲ್ಲಿ ಇಬ್ಬರೂ ಮಾತಿಲ್ಲದೆ ಕುಳಿತೆವು.

ಆ ದಿನ ನಾನು ನೋಡಿದ ಫಲಕಗಳಲ್ಲಿ ಒಂದು ಹೆಸರೂ ಇರಲಿಲ್ಲ. ಆ ಅಡಕಿತ್ತಾ ಬಡಿದ ಕಮ್ಮಾರ ಯಾರು, ಅದನ್ನು ಸೆರಗಿನ ಮರೆಯ ಎಲೆಚೀಲದಲ್ಲಿ ಇಟ್ಟುಕೊಂಡವಳು ಯಾರು, ಗೊತ್ತಾಗುವ ದಾರಿಯಿಲ್ಲ. ನಮ್ಮ ಮನೆಗಳ ಸಾಮಾನಿಗೆ ಆ ಗತಿ ಬರಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜಿಯ ಈಳಿಗೆ ಮಣೆ ಸಿಕ್ಕಿತು. ಅಲಗಿನ ತುಕ್ಕು ತೆಗೆದು ಎಣ್ಣೆ ಹಚ್ಚಿದೆ. ಒಂದು ಚೀಟಿಯಲ್ಲಿ ಅಜ್ಜಿಯ ಪೂರ್ತಿ ಹೆಸರು, ತವರೂರು, ಮದುವೆಯಾಗಿ ಬಂದ ವರ್ಷ ಬರೆದು ಮಣೆಯ ಕೆಳಗೆ ಅಂಟಿಸಿದೆ. ವರ್ಷ ಹೇಳಲು ಅಮ್ಮ ಇದ್ದರು. ಅಜ್ಜಿಯ ತವರೂರಿನ ಹೆಸರಿಗಾಗಿ ಮಾತ್ರ ಇಬ್ಬರು ನೆಂಟರಿಗೆ ಫೋನ್ ಮಾಡಬೇಕಾಯಿತು.

ನಿಮ್ಮ ಮನೆಯ ಅಟ್ಟದ ಮೇಲೂ ಏನಾದರೂ ಇರಬಹುದು. ಹೇಳುವವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.