ಮಹಾವೀರಾಚಾರ್ಯನ ಒಂದು ಹಾರಸಂಖ್ಯೆ: 12345654321

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ಕನ್ನಡ ಸಂಶೋಧಕರಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ದೊರೆಯನ್ನು ಆರಂಭದಲ್ಲಿ ಸ್ತುತಿಸುವ ಇನ್ನೊಂದು ಗ್ರಂಥ ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರೊಳಗಿನ ಒಂದು ಗುಣಾಕಾರದ ಲೆಕ್ಕವನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಗುಣಾಕಾರದ ಉದಾಹರಣೆಗಳಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ತರುತ್ತಾನೆ. ಕೆಲವನ್ನು ರಾಜನ ಕಂಠಾಭರಣಕ್ಕೆ ಹೋಲಿಸುತ್ತಾನೆ. 142857143ನ್ನು 7ರಿಂದ ಗುಣಿಸಿದರೆ 1000000001. ಇಲ್ಲಿ ಸೊನ್ನೆಯೂ ಒಂದು ಮಣಿಯೇ. ಹಾಗೆಯೇ 27994681ನ್ನು 441ರಿಂದ ಗುಣಿಸಿದರೆ 12345654321. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ.

ಇದು ಆಕಸ್ಮಿಕವಾಗಿ ದೊರೆತ ಸಂಖ್ಯೆಯೇ? ಅಲ್ಲವೆಂದು ಅದರ ರಚನೆಯೇ ಹೇಳುತ್ತದೆ. 12345654321 ಎಂಬುದು 111111ರ ವರ್ಗ. 111111ನ್ನು 21 ಮತ್ತು 5291 ಎಂದು ಒಡೆಯಬಹುದು. 21ರ ವರ್ಗ 441. 5291ರ ವರ್ಗ 27994681. ಅಂದರೆ ಗುಣ್ಯ, ಗುಣಕ, ಗುಣಲಬ್ಧ ಮೂರೂ ಪೂರ್ಣವರ್ಗಗಳು. ಲೆಕ್ಕವನ್ನು ಕಟ್ಟಿದವನು ಮೊದಲು ಹಾರವನ್ನು ಪಡೆದು, ಬಳಿಕ ಅದನ್ನು ಅಪವರ್ತನಗಳಾಗಿ ಬಿಡಿಸಿದನೆಂದು ನಾವು ಊಹಿಸುತ್ತೇವೆ. ವರ್ಗ ಮತ್ತು ವರ್ಗಮೂಲದ ಕ್ರಮಗಳು ಅದೇ ಪ್ರಕರಣದಲ್ಲಿರುವುದು ಈ ಊಹೆಗೆ ಪೋಷಕವಾಗಿದೆ.

ಹಾರವು ಆರರಲ್ಲಿ ತಿರುಗುವುದಕ್ಕೂ ಕಾರಣವನ್ನು ಗುರುತಿಸಬಹುದು. ಐದು ಒಂದುಗಳ 11111 ಎಂಬುದು 41 ಮತ್ತು 271ರ ಗುಣಲಬ್ಧ. ಏಳು ಒಂದುಗಳ 1111111 ಎಂಬುದು 239 ಮತ್ತು 4649ರ ಗುಣಲಬ್ಧ. ಇವು ಸುಲಭವಾಗಿ ಒಡೆಯುವಂಥವಲ್ಲ. 111111 ಮಾತ್ರ 3, 7, 11, 13, 37 ಎಂಬ ಐದು ಚಿಕ್ಕ ಅವಿಭಾಜ್ಯಗಳಾಗಿ ಬಿಡಿಯುತ್ತದೆ. ಆದುದರಿಂದ ಅನುಕೂಲವಾದ ಗುಣಕವನ್ನು ಆರಿಸಲು ಇಲ್ಲಿ ಅವಕಾಶ ಹೆಚ್ಚು.

ಇಂಥ ಸಂಖ್ಯೆಗೆ ಬೋಧನೆಯಲ್ಲಿಯೂ ಪ್ರಯೋಜನವಿತ್ತು. ಶಿಷ್ಯನು ಒಂದು ಸ್ಥಾನದಲ್ಲಿ ತಪ್ಪಿದರೂ ಹಾರ ಕೆಡುತ್ತದೆ, ಉತ್ತರವೇ ಪರೀಕ್ಷಕ. ಅಂಕಿಗಳನ್ನು ಚಂದ್ರ, ನೇತ್ರ ಮೊದಲಾದ ಪದಗಳಿಂದ ಸೂಚಿಸುವ ಪದ್ಯಗಳಲ್ಲಿ ಪ್ರತಿಕಾರನಿಂದ ಒಂದು ಪದ ಬದಲಾದರೆ ಅದನ್ನೂ ಗುಣಲಬ್ಧವೇ ಬಯಲುಮಾಡುತ್ತದೆ. ಗ್ರಂಥಸಂಪಾದಕರಿಗೆ ಇದಕ್ಕಿಂತ ಗಟ್ಟಿಯಾದ ಆಂತರಿಕ ಸಾಕ್ಷ್ಯ ದೊರೆಯುವುದು ವಿರಳ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಮರುಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ರಚಿಸಿದನು. ಈ ಮೂರು ಗ್ರಂಥಗಳ ಲೆಕ್ಕಗಳನ್ನು ಎದುರುಬದುರು ಇರಿಸಿ ನೋಡುವ ಕೆಲಸಕ್ಕೆ ಕನ್ನಡ, ತೆಲುಗು, ಸಂಸ್ಕೃತಗಳ ಜೊತೆಗೆ ಗಣಿತವೂ ಬೇಕು. ಹಾರಸಂಖ್ಯೆಗಳನ್ನು ಕೇವಲ ಚಮತ್ಕಾರವೆಂದು ಬದಿಗಿರಿಸದೆ ಪಾಠನಿರ್ಣಯದ ಸಾಧನಗಳಾಗಿಯೂ ಬಳಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.