ಗೋಡೆ ಬಿರುಕಿನ ಉಣ್ಣೆ: ಅಲ್ಜೀರಿಯಾದ ಕೊಟ್ಟಿಗೆಗಳ ಕಥೆ

ಉಣ್ಣೆ, ಉಣುಗು, ಊರಿಗೊಂದು ಹೆಸರು. ದನದ ಕಿವಿಯೊಳಗೆ, ಕೆಚ್ಚಲ ಬುಡದಲ್ಲಿ ಕಚ್ಚಿ ಕೂತು ರಕ್ತ ಹೀರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಅದು ರೋಗವನ್ನೂ ತರುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅದನ್ನು ಬಿಡಿಸಿದ ಕೆಲಸದ ಒಂದು ಪಾಲು ನಡೆದದ್ದು ಮೆಡಿಟರೇನಿಯನ್ ಸಮುದ್ರದ ದಡದ ಅಲ್ಜೀರಿಯಾದಲ್ಲಿ.

ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಒಣ ಒಣ. ಆ ಬೇಸಿಗೆಯಲ್ಲೇ ದನಗಳಿಗೆ ಜ್ವರ ಏರುತ್ತಿತ್ತು, ಕತ್ತು ತೊಡೆಗಳ ಗ್ರಂಥಿಗಳು ಊದಿಕೊಳ್ಳುತ್ತಿದ್ದವು, ಮೇವು ಬಿಟ್ಟು ಸಾಯುತ್ತಿದ್ದವು. ಇದೇ ಥೈಲೇರಿಯಾ ರೋಗ. ಇದರ ರೋಗಾಣುವನ್ನು 1904ರಲ್ಲಿ ಕಾಕಸಸ್ ಸೀಮೆಯಲ್ಲಿ ಜುಂಕೋವ್ಸ್ಕಿ ಮತ್ತು ಲೂಸ್ ಗುರುತಿಸಿದ್ದರು. ಅಲ್ಜೀರಿಯಾ ಆಗ ಫ್ರೆಂಚರ ವಸಾಹತು. ಹೆಚ್ಚು ಸಾಯುತ್ತಿದ್ದದ್ದು ಯುರೋಪಿನಿಂದ ತಂದ ಹಾಲಿನ ದನಗಳು. ಕರುವಾಗಿದ್ದಾಗಲೇ ರೋಗ ತಗುಲಿ ಉಳಿದ ನಾಡ ದನಗಳು ತಡೆದುಕೊಳ್ಳುತ್ತಿದ್ದವು. ಹಾಗಾಗಿ ಸರ್ಕಾರದ ಕಣ್ಣು ತೆರೆದದ್ದು ಯಾರ ನಷ್ಟಕ್ಕೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಅಲ್ಜಿಯರ್ಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಎಡ್ಮಂಡ್ ಸೆರ್ಜಾಂ ಮತ್ತು ಜೊತೆಗಾರರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಸಿಕ್ಕಿಬಿದ್ದದ್ದು ಹಯಲೊಮ್ಮ ಜಾತಿಯ ಒಂದು ಗಟ್ಟಿ ಉಣ್ಣೆ. ಅದರ ಬದುಕು ನೋಡಿ: ಮರಿ ಉಣ್ಣೆ ಶರತ್ಕಾಲದಲ್ಲಿ ದನಕ್ಕೆ ಹತ್ತುತ್ತದೆ, ಅಲ್ಲೇ ಒಮ್ಮೆ ಪೊರೆ ಕಳಚಿ, ಮತ್ತೆ ರಕ್ತ ಕುಡಿದು ಉಬ್ಬಿ ಕೆಳಗೆ ಬೀಳುತ್ತದೆ. ಆಮೇಲೆ ಕೊಟ್ಟಿಗೆ ಗೋಡೆಯ ಬಿರುಕು, ಕಲ್ಲುಸಂದು ಸೇರಿ ಚಳಿಗಾಲವಿಡೀ ಅಲ್ಲೇ. ಬೇಸಿಗೆ ಬಂದಾಗ ದೊಡ್ಡ ಉಣ್ಣೆಯಾಗಿ ಹೊರಬಂದು ಇನ್ನೊಂದು ದನಕ್ಕೆ ಅಂಟುತ್ತದೆ. ಮರಿಯಾಗಿದ್ದಾಗ ಕುಡಿದ ರೋಗವನ್ನು ದೊಡ್ಡದಾದ ಮೇಲೆ ದಾಟಿಸುತ್ತದೆ. ಮೊಟ್ಟೆಯ ಮೂಲಕ ಮಾತ್ರ ದಾಟಿಸುವುದಿಲ್ಲ. ಕಚ್ಚಿದ ಕೂಡಲೇ ರೋಗ ಹರಿಯುವುದೂ ಇಲ್ಲ. ಎರಡು ಮೂರು ದಿನ ಅಂಟಿಕೊಂಡು ರಕ್ತ ಕುಡಿದ ಮೇಲಷ್ಟೇ ಎಂಜಲಲ್ಲಿ ರೋಗಾಣು ಬಲಿಯುತ್ತದೆ. ದಿನಾ ಮೈ ಸವರಿ ಉಣ್ಣೆ ಕೀಳುವ ನಮ್ಮ ಅಜ್ಜಿಯಂದಿರ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನಮಗೆ ಸಿಕ್ಕಿಲ್ಲ.

ಅಂದರೆ ರೋಗದ ಬೀಡು ಹುಲ್ಲುಗಾವಲಲ್ಲ, ಕೊಟ್ಟಿಗೆಯೇ. ಗೋಡೆಯ ಬಿರುಕು ಮುಚ್ಚಿ ನುಣ್ಣಗೆ ಗಾರೆ ಮಾಡಿದರೆ ಉಣ್ಣೆಗೆ ಮನೆಯೇ ಇಲ್ಲ.

ಸೆರ್ಜಾಂ ತಂಡ ಲಸಿಕೆಯನ್ನೂ ಹುಡುಕಿತು. ಸೌಮ್ಯವಾದ ಒಂದು ತಳಿಯ ರೋಗಾಣು ಇರುವ ರಕ್ತವನ್ನು ದನದಿಂದ ದನಕ್ಕೆ ಚುಚ್ಚುತ್ತ ಬಂದರು. ಅಪಾಯ ಇರದ ದಾರಿಯಲ್ಲ: ರಕ್ತದ ಜೊತೆ ಬೇರೆ ರೋಗವೂ ದಾಟಬಹುದು. ಮುಂದೆ ಇಸ್ರೇಲಿನ ವಿಜ್ಞಾನಿಗಳು ರೋಗಾಣು ಹೊಕ್ಕ ಜೀವಕೋಶಗಳನ್ನು ಪ್ರಯೋಗಾಲಯದಲ್ಲೇ ಬೆಳೆಸಿ, ರೋಗಾಣುವಿನ ಕಸುವು ಕುಗ್ಗಿಸಿ ಲಸಿಕೆ ಮಾಡಿದರು.

ನಮ್ಮ ದೇಶಕ್ಕೂ ಆ ಕಥೆಯೇ ಬೇರೆ ರೂಪದಲ್ಲಿ ಬಂತು. ಎಚ್‌.ಎಫ್., ಜೆರ್ಸಿ ಮಿಶ್ರತಳಿ ಹಸುಗಳು ಕೊಟ್ಟಿಗೆಗೆ ಬಂದ ಮೇಲೆ, ನಾಟಿ ದನ ತಾಳಿಕೊಳ್ಳುತ್ತಿದ್ದ ಥೈಲೇರಿಯಾ ಅವುಗಳನ್ನು ಕೆಡವತೊಡಗಿತು. ಇಲ್ಲಿ ಹರಡುವುದು ಅದೇ ಹಯಲೊಮ್ಮ ಕುಲದ ಇನ್ನೊಂದು ಉಣ್ಣೆ, ಅದಕ್ಕೂ ಗೋಡೆ ಬಿರುಕು ಪ್ರಿಯ. ಜೀವಕೋಶದಲ್ಲಿ ಬೆಳೆಸಿದ ‘ರಕ್ಷಾವ್ಯಾಕ್-ಟಿ’ ಲಸಿಕೆ ನಮ್ಮಲ್ಲೇ ತಯಾರಾಯಿತು. ಅದರೊಳಗಿನ ಕೋಶಗಳು ಜೀವಂತ ಇರಬೇಕು. ಆದ್ದರಿಂದ ಹೋರಿಯ ವೀರ್ಯದ ಕಡ್ಡಿಗಳಂತೆ ಅದನ್ನೂ ದ್ರವ ಸಾರಜನಕದ ಜಾಡಿಯಲ್ಲಿಟ್ಟೇ ಊರಿಗೆ ತರಬೇಕು.