ಮೌಸಿಮ್ ಕಾಯುತ್ತಿದ್ದ ಹೊನ್ನಾವರ

ಹೆಗ್ಗನಹಳ್ಳಿಯಂತಹ ನಗರದ ಬಡಾವಣೆಗಳಲ್ಲಿ ವಾಸಿಸುವ ನಮಗೆ ಮಳೆಗಾಲವೆಂದರೆ ರಸ್ತೆಯಲ್ಲಿ ನಿಲ್ಲುವ ನೀರು, ಅಷ್ಟೆ. ಆದರೂ ನಮ್ಮ ಮನೆಮಾತಿನಲ್ಲಿ ಕಡಲಿನ ಎರಡು ಪದಗಳು ಉಳಿದುಕೊಂಡಿವೆ: ಮೌಸಮ್ ಮತ್ತು ತೂಫಾನ್. ಎರಡೂ ಅರಬಿಯಿಂದ ಬಂದವು. ನೂಹ್ (ಅ.ಸ.) ಅವರ ಕಾಲದ ಮಹಾಪ್ರವಾಹಕ್ಕೆ ಪವಿತ್ರ ಕುರ್‌ಆನ್ ಬಳಸಿರುವ ಪದ ತೂಫಾನ್. ಮೌಸಿಮ್ ಎಂದರೆ ಗೊತ್ತಾದ ಕಾಲ. ಅರಬ್ ನಾವಿಕರ ಬಾಯಲ್ಲಿ ಅದು ಮಳೆಯ ಹೆಸರಾಗಿರಲಿಲ್ಲ. ಹಡಗು ಹೊರಡಬಹುದಾದ ಅವಧಿಯ ಹೆಸರಾಗಿತ್ತು. ಇಂದಿನ 'ಮಾನ್ಸೂನ್' ಪೋರ್ಚುಗೀಸರ ಮೂಲಕ ಹುಟ್ಟಿದ್ದು ಅದರಿಂದಲೇ. ಈ ಪದದ ಅರ್ಥವನ್ನು ಬದುಕಿ ತೋರಿಸಿದ ಊರೊಂದು ನಮ್ಮ ಕರ್ನಾಟಕದಲ್ಲಿಯೇ ಇದೆ. ಅದು ಉತ್ತರ ಕನ್ನಡದ ಹೊನ್ನಾವರ.

ಶರಾವತಿಯು ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಹೊನ್ನಾವರವಿದೆ. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ದೋಣಿಗಳಲ್ಲಿ ಈ ಬಂದರಿಗೆ ಬರುತ್ತಿತ್ತು. ಹದಿನಾಲ್ಕನೆಯ ಶತಮಾನದ ನಲವತ್ತರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನು ಬತೂತ ಅವರು ಈ ಊರನ್ನು 'ಹಿನವ್ರ್' ಎಂದು ಕರೆದಿದ್ದಾರೆ. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಅಳಿವೆ ಅದಾಗಿದ್ದರೂ ಮಳೆಗಾಲದಲ್ಲಿ ಎಷ್ಟು ಪ್ರಕ್ಷುಬ್ಧಗೊಳ್ಳುತ್ತದೆಂದರೆ, ನಾಲ್ಕು ತಿಂಗಳು ಮೀನು ಹಿಡಿಯುವುದಕ್ಕಲ್ಲದೆ ಯಾರೂ ಅಲ್ಲಿ ಪಯಣಿಸಲಾರರು ಎಂದು ಅವರು ದಾಖಲಿಸಿದ್ದಾರೆ. ಇದೇ ಜನರಿಗೆ ಉಳುಮೆಯ ಭೂಮಿ ಇರಲಿಲ್ಲ, ಕಡಲ ವ್ಯಾಪಾರವೇ ಜೀವನೋಪಾಯ ಎಂದೂ ಹೇಳಿದ್ದಾರೆ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ವರ್ಷದ ಮೂರನೆಯ ಒಂದು ಭಾಗ ಅನ್ನದ ಬಾಗಿಲೇ ಮುಚ್ಚಿರುತ್ತಿದ್ದ ಊರು ಅದು.

ಅಂತಹ ಊರಿನಲ್ಲಿ ಅವರು ಕಂಡದ್ದೇನು? ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳು. ಇಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಇಂತಹುದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಬರೆದವರು ಮಕ್ಕಾ, ಡಮಾಸ್ಕಸ್, ದಿಲ್ಲಿಗಳನ್ನು ನೋಡಿ ಬಂದವರು ಎಂಬುದನ್ನು ಮರೆಯಬಾರದು. ಗಂಡಸರು ದೂರದ ಬಂದರುಗಳಲ್ಲಿ ಮೌಸಿಮ್ ಕಾಯುತ್ತಿದ್ದಾಗ ಮನೆಯ ದೀನ್ ಮತ್ತು ವ್ಯವಹಾರ ಯಾರ ಕೈಯಲ್ಲಿರಬೇಕಿತ್ತು? ಕಲಿತ ತಾಯಂದಿರು ಆ ಊರಿಗೆ ಅಲಂಕಾರವಾಗಿರದೆ ಅಗತ್ಯವಾಗಿದ್ದರು ಎಂಬುದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಹೊಸ ಕಾಲದ ಗೀಳೆಂದು ಭಾವಿಸುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಅವರು ಈ 13ರ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲಿ.

ಬಿರುಗಾಳಿಯೇ ಇಬ್ನು ಬತೂತರನ್ನು ಮತ್ತೆ ಹೊನ್ನಾವರಕ್ಕೆ ಕರೆತಂದಿತು. ದಿಲ್ಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಚೀನಾದ ಚಕ್ರವರ್ತಿಗೆ ಕಳಿಸಿದ್ದ ಕಾಣಿಕೆಗಳೊಡನೆ ಅವರು ಕಲ್ಲಿಕೋಟೆ ತಲುಪಿದ್ದರು. ಸಾಮಾನುಗಳೆಲ್ಲ ಹಡಗೇರಿದ್ದವು, ಜುಮಾ ನಮಾಝ್‌ಗಾಗಿ ಅವರೊಬ್ಬರು ದಡದಲ್ಲಿ ಉಳಿದರು. ಆಗ ಕಡಲು ಕೆರಳಿತು. ಕಾಣಿಕೆಗಳಿದ್ದ ದೊಡ್ಡ ಹಡಗು ದಡಕ್ಕೆ ಬಡಿದು ನುಚ್ಚುನೂರಾಯಿತು. ಅವರ ಸೇವಕರೂ ಸ್ವಂತ ಸಾಮಾನೂ ಇದ್ದ ಇನ್ನೊಂದು ನೌಕೆ ಹಾಯಿ ಬಿಚ್ಚಿ ಹೊರಟೇಹೋಯಿತು. ಉಳಿದದ್ದು ಹತ್ತು ದೀನಾರು, ಹಾಸಿಕೊಳ್ಳಲು ಒಂದು ಹಾಸು. ಬರಿಗೈಯಲ್ಲಿ ದಿಲ್ಲಿಗೆ ಹೋಗಲು ಅಂಜಿ, ಕೊನೆಗೆ ಅವರು ಬಂದದ್ದು ಹೊನ್ನಾವರದ ಸುಲ್ತಾನ್ ಜಮಾಲುದ್ದೀನರ ಆಶ್ರಯಕ್ಕೆ. ಅಲ್ಲಿ ಹೆಚ್ಚಿನ ಹೊತ್ತು ಮಸೀದಿಯಲ್ಲಿಯೇ ಕಳೆದು ದಿನಕ್ಕೊಂದು ಖತಮ್, ಮುಂದೆ ದಿನಕ್ಕೆರಡು ಖತಮ್ ಮಾಡಿದರಂತೆ. ಈ ಮನೆತನದ ಅತಿಥಿಯಾಗಿ ರೊಟ್ಟಿ ಕಾಣದೆ ಅನ್ನವನ್ನೇ ಉಂಡು ಹನ್ನೊಂದು ತಿಂಗಳು ಕಳೆದದ್ದನ್ನೂ ಅವರು ಸ್ಮರಿಸುತ್ತಾರೆ. ಗೋಧಿಯ ನಾಡಿನವರಿಗೆ ಅದು ಸಣ್ಣ ಪರೀಕ್ಷೆಯಾಗಿರಲಿಲ್ಲ!

ಪೋರ್ಚುಗೀಸರು ಬಂದ ಮೇಲೆ ಕಡಲಿನ ನ್ಯಾಯ ಬದಲಾಯಿತು. 1505ರಲ್ಲಿ ಫ್ರಾನ್ಸಿಸ್ಕೊ ಡ ಅಲ್ಮೇಡ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟನು. ಆದರೆ ಮಳೆಗಾಲವನ್ನು ಗೆಲ್ಲಲು ಅವರಿಂದಲೂ ಆಗಲಿಲ್ಲ. 1510ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವೆಯನ್ನು ಹಿಡಿದ ಅಲ್ಬುಕರ್ಕ್‌ನನ್ನು ಆದಿಲ್‌ಶಾಹಿ ಸೇನೆ ಮೇ ತಿಂಗಳಲ್ಲಿ ಹೊರದೂಡಿತು. ಅಷ್ಟರಲ್ಲಿ ಅಳಿವೆಯ ಬಾಗಿಲು ಮುಚ್ಚಿತ್ತು. ಆಗಸ್ಟ್‌ವರೆಗೆ ಅವನ ನೌಕೆಗಳು ಮಾಂಡವಿ ನದಿಯಲ್ಲಿಯೇ ಹಸಿವಿನಿಂದ ಕೊಳೆತವು. ನವೆಂಬರಿನಲ್ಲಿ, ಕಡಲು ಶಾಂತವಾದ ಮೌಸಿಮ್‌ನಲ್ಲಿ, ಅವನು ಮರಳಿ ಬಂದು ಗೋವೆಯ ಮುಸ್ಲಿಮರ ಸಾಮೂಹಿಕ ಹತ್ಯೆ ನಡೆಸಿದನು. ಬಿರುಗಾಳಿ ಕೆಲವೊಮ್ಮೆ ದುರ್ಬಲರ ಕೋಟೆಯೂ ಆಗಿರುತ್ತಿತ್ತು.

ಇಂದು ಹೊನ್ನಾವರಕ್ಕೆ ಅರಬ್ ಹಡಗುಗಳು ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿಯ ಹರಿವೂ ಮೊದಲಿನಂತಿಲ್ಲ. ಅಳಿವೆಯ ಮರಳುದಿಣ್ಣೆಗಳು ಮೀನುಗಾರರ ದೋಣಿಗಳಿಗೆ ಅಪಾಯವಾಗಿವೆ. ಹಳೆಯ ನಾಲ್ಕು ತಿಂಗಳ ಬಿಡುವಿನ ಒಂದು ಭಾಗ ಈಗ ಕಾನೂನಿನಲ್ಲಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದರೆ 2021ರ ತೌಕ್ತೆ ಚಂಡಮಾರುತ ಈ ಲೆಕ್ಕವನ್ನು ಕೇಳಲಿಲ್ಲ. ಅದು ಉತ್ತರ ಕನ್ನಡದ ದಡಕ್ಕೆ ಬಡಿದದ್ದು ಮೇ ತಿಂಗಳ ಮಧ್ಯದಲ್ಲಿ, ನಿಷೇಧ ಆರಂಭವಾಗಿ ದೋಣಿಗಳು ದಡ ಸೇರಲು ಇನ್ನೂ ಎರಡು ವಾರ ಬಾಕಿ ಇದ್ದಾಗ.